ನಿದ್ದೆ ಬಾರದ ಕಾರು

ನನ್ನ ತಮ್ಮ ಹೊಸ ಕಾರು ತಂದ ದಿನ ಅದರ ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟವನು ನಾನು. ನನಗೆ ಅದರಲ್ಲಿ ನಂಬಿಕೆ ಇತ್ತೆಂದಲ್ಲ. ಅಮ್ಮ ಇಡು ಅಂದಳು, ಇಟ್ಟೆ. 2022ರ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂದಿತ್ತು. ಮೂವತ್ತೈದು ವರ್ಷ ತೋಟದಲ್ಲಿ ಬೆನ್ನು ಬಗ್ಗಿಸಿದ ತಮ್ಮನಿಗೆ ಬದುಕಿನಲ್ಲಿ ಒಂದು ಸಲವಾದರೂ ಮೆತ್ತಗಿನ ಕಾರಿನಲ್ಲಿ ಕೂರಬೇಕೆಂಬ ಆಸೆ. ಅಮ್ಮನನ್ನು ಮಣಿಪಾಲದ ಡಾಕ್ಟರ ಬಳಿಗೆ ಜೀಪಿನಲ್ಲಿ ಕುಲುಕಿಸಿಕೊಂಡು ಕರೆದೊಯ್ಯಬೇಕಲ್ಲ ಎಂಬ ಸಂಕಟವೂ ಇತ್ತು. 46 ಲಕ್ಷ ರೂಪಾಯಿ ಕೊಟ್ಟ. ಅದರಲ್ಲಿ ಅರ್ಧ ಬ್ಯಾಂಕಿನದು.

ಇಲ್ಲಿಗೇ ಕೆಲವು ಓದುಗರು ಪುಟ ಮಗುಚಿರುತ್ತಾರೆಂದು ನನಗೆ ಗೊತ್ತು. ‘ನಲವತ್ತಾರು ಲಕ್ಷದ ಕಾರಿನವರ ಗೋಳನ್ನು ನಾವೇಕೆ ಕೇಳಬೇಕು? ಬಸ್ಸಿಲ್ಲದೆ ಶಾಲೆಗೆ ನಡೆಯುವ ಮಕ್ಕಳ ಬಗ್ಗೆ ಬರೆಯಿರಿ ಮೇಷ್ಟ್ರೇ’ ಎನ್ನುವ ಗೆಳೆಯರು ನನಗೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಸದ್ಯಕ್ಕೆ ಇಷ್ಟು ಹೇಳುತ್ತೇನೆ: ನನ್ನ ಜಗಳ ಕಾರಿನ ಜೊತೆಗಲ್ಲ. ಯಂತ್ರ ಕೆಡುತ್ತದೆ, ಅದು ಯಂತ್ರದ ಸ್ವಭಾವ. ನನ್ನ ಜಗಳ ‘ಎಲ್ಲ ಸರಿಯಿದೆ ಸರ್’ ಎಂಬ ಒಂದು ಮಾತಿನ ಜೊತೆಗೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಾರು ಬಂದು ಐದು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ತಮ್ಮ ಶಿವಮೊಗ್ಗಕ್ಕೆ ಹೊರಟವನು ಕೀಲಿಯ ಗುಂಡಿ ಒತ್ತಿದರೆ ಕಾರು ಕಣ್ಣು ಮಿಟುಕಿಸಲಿಲ್ಲ. ಬಾಗಿಲು ತೆರೆಯಲಿಲ್ಲ. ಕೀಲಿಯ ಹೊಟ್ಟೆಯೊಳಗೆ ಇನ್ನೊಂದು ಚಿಕ್ಕ ಕಬ್ಬಿಣದ ಕೀಲಿ ಅಡಗಿದೆ, ಬಾಗಿಲಿನ ಹಿಡಿಯ ಬಳಿ ಒಂದು ಮುಚ್ಚಳ ಎಬ್ಬಿಸಿದರೆ ಅದಕ್ಕೆ ತೂತಿದೆ ಎಂಬುದು ಗೊತ್ತಾಗಲು ಪುಸ್ತಕ ಓದಬೇಕಾಯಿತು. ಪುಸ್ತಕ ಕಾರಿನೊಳಗಿತ್ತು! ಕೊನೆಗೆ ಕಂಪನಿಯ ಸಹಾಯವಾಣಿಯವರು ಫೋನಿನಲ್ಲಿ ಹೇಳಿಕೊಟ್ಟರು. ಒಳಹೊಕ್ಕ ಮೇಲೆ ತಿಳಿದದ್ದು, ಈ ಕಾರಿನಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯ ನೆಲದಡಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟು ಬರುವುದು ಬ್ಯಾಟರಿಯಿಂದ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಮುಂದಿನ ಬಾನೆಟ್ಟಿನಡಿ ಎರಡು ಮೊಳೆಗಳಿವೆ, ಅಲ್ಲಿಗೆ ಬೇರೆ ಬ್ಯಾಟರಿಯ ತಂತಿ ಕೊಟ್ಟರೆ ಜೀವ ಬರುತ್ತದೆ. ಹಾಗೆ ಜೀವ ಬರಿಸಿ, ಮಂಗಳೂರಿನ ಸರ್ವೀಸ್ ಸೆಂಟರಿಗೆ ಒಯ್ದದ್ದಾಯಿತು. ಎರಡು ದಿನ ಇಟ್ಟುಕೊಂಡರು. ‘ಬ್ಯಾಟರಿ ವೀಕ್ ಇತ್ತು ಸರ್, ಬದಲಾಯಿಸಿದ್ದೇವೆ, ಈಗ ಎಲ್ಲ ಸರಿಯಿದೆ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ನಾವು ಸಂತೋಷದಿಂದ ಬಂದೆವು.

ಎರಡನೆಯ ಸಲ ಮೂರು ತಿಂಗಳಿಗೆ. ಮೂರನೆಯ ಸಲ ಅದಾದ ನಾಲ್ಕು ತಿಂಗಳಿಗೆ. ಆ ಎರಡನೆಯ ಸಲದ ರಾತ್ರಿಯ ಬಗ್ಗೆ ಬರೆಯಲೆಂದೇ ಈ ಪ್ರಬಂಧ ಶುರುಮಾಡಿದ್ದು.

2023ರ ಜುಲೈ. ಪುನರ್ವಸು ಮಳೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ತೋಟಕ್ಕೆ ಹೋಗದೆ, ಪೇಟೆಗೂ ಹೋಗದೆ ಎಲ್ಲರೂ ಮನೆಯಲ್ಲಿದ್ದೆವು. ನಮ್ಮದು ತೀರ್ಥಹಳ್ಳಿಯಿಂದ ಒಳಗೆ ಹದಿನಾಲ್ಕು ಕಿಲೋಮೀಟರು. ಮನೆಯ ಅಂಗಳದಿಂದ ರಸ್ತೆಗೆ ಒಂದೇ ದಾರಿ, ಒಂದು ಕಡೆ ಧರೆ, ಇನ್ನೊಂದು ಕಡೆ ತೋಟದ ಇಳಿಜಾರು. ಒಂದು ಗಾಡಿಯಷ್ಟೇ ಹಿಡಿಯುವ ಅಗಲ. ಅದರ ಬಾಯಲ್ಲಿ ಶೆಡ್ಡು. ಮುಂದೆ ಹೊಸ ಕಾರು, ಹಿಂದೆ ಹಳೆಯ ಜೀಪು.

ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಸಿರು ಕಟ್ಟಿತು. ಎದ್ದು ಕೂತು, ಗೋಡೆ ಹಿಡಿದುಕೊಂಡು, ಗಾಳಿ ನುಂಗಲು ಬಾಯಿ ತೆರೆಯುತ್ತಿದ್ದಳು. ತಮ್ಮ ಓಡಿ ಹೋಗಿ ಕಾರಿನ ಗುಂಡಿ ಒತ್ತಿದ. ಕತ್ತಲೆ. ಜೀಪು ತೆಗೆಯೋಣವೆಂದರೆ ಕಾರು ಎದುರಿಗಿದೆ. ಕಾರನ್ನು ತಳ್ಳಿ ಬದಿಗಿಡೋಣವೆಂದರೆ ಗೇರು ಪಾರ್ಕಿನಲ್ಲಿ ಬೀಗ ಹಾಕಿಕೊಂಡಿದೆ, ಹ್ಯಾಂಡ್‌ಬ್ರೇಕೂ ಕರೆಂಟಿನದೇ. ಹಳೆಯ ಅಂಬಾಸಿಡರಾಗಿದ್ದರೆ ನ್ಯೂಟ್ರಲ್ಲಿಗೆ ಹಾಕಿ ನಾಲ್ಕು ಜನ ಭುಜ ಕೊಟ್ಟು ತಳ್ಳುತ್ತಿದ್ದೆವು. ಎರಡು ಟನ್ನಿಗೆ ಹತ್ತಿರದ ಈ ಸವಾರಿ ಒಂದಂಗುಲವೂ ಕದಲಲಿಲ್ಲ. 108ಕ್ಕೆ ಫೋನು ಮಾಡಬೇಕೆಂದರೆ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಮೇಲಿನ ಗುಡ್ಡ ಹತ್ತಬೇಕು. ತಮ್ಮನ ಮಗ ಆ ಮಳೆಯಲ್ಲಿ ಟಾರ್ಚು ಹಿಡಿದು ಗುಡ್ಡಕ್ಕೆ ಓಡಿದ. ನಾನೂ ತಮ್ಮನೂ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕಂಬಳಿ ಹೊದಿಸಿ, ಕಾರಿಗೂ ಧರೆಗೂ ನಡುವಿನ ಒಂದೂವರೆ ಅಡಿ ಸಂದಿನಲ್ಲಿ ಓರೆಯಾಗಿ ನುಸುಳಿಸಿ, ರಸ್ತೆಯವರೆಗೆ ಹೊತ್ತೆವು. ಪಕ್ಕದ ಮನೆಯವರ ಅಡಿಕೆ ಸಾಗಿಸುವ ಪಿಕಪ್ಪಿನಲ್ಲಿ ಆಸ್ಪತ್ರೆ ಮುಟ್ಟುವಾಗ ಮೂರೂ ಹತ್ತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಅಮ್ಮ ಆ ಸಲ ಉಳಿದಳು. ಮುಂದಿನ ವರ್ಷ ಮಾಘದಲ್ಲಿ, ಎಂಬತ್ತೊಂಬತ್ತು ತುಂಬಿ, ಅವಳದೇ ಹಾಸಿಗೆಯಲ್ಲಿ ಹೋದಳು. ಅವಳ ಸಾವನ್ನು ನಾನು ಕಾರಿನ ಲೆಕ್ಕಕ್ಕೆ ಬರೆಯುವುದಿಲ್ಲ, ಬರೆದರೆ ಸುಳ್ಳಾಗುತ್ತದೆ. ಆದರೆ ಆ ರಾತ್ರಿ ಕುರ್ಚಿ ಹೊರುವಾಗ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು, ಪಕ್ಕದಲ್ಲಿ ಆ ಕಪ್ಪು ಕಾರು ಮಳೆಯಲ್ಲಿ ಹೊಳೆಯುತ್ತ ಸುಮ್ಮನೆ ನಿಂತದ್ದು, ಇದನ್ನು ಯಾವ ಸರ್ವೀಸ್ ಸೆಂಟರಿನ ಲೆಕ್ಕಕ್ಕೆ ಬರೆಯಲಿ?

ಬೆಳಗಾದ ಮೇಲೆ ಟ್ರಕ್ಕಿನ ಮೇಲೆ ಹೇರಿಸಿ ಮತ್ತೆ ಮಂಗಳೂರಿಗೆ ಕಳಿಸಿದೆವು. ನಾಲ್ಕು ದಿನ ಇಟ್ಟುಕೊಂಡರು. ಕಂಪ್ಯೂಟರು ಹಚ್ಚಿ ನೋಡಿದರಂತೆ, ದೋಷದ ಸಂಖ್ಯೆ ಯಾವುದೂ ಬರಲಿಲ್ಲವಂತೆ. ಜಾಬ್ ಕಾರ್ಡಿನಲ್ಲಿ ಬರೆದದ್ದು ಒಂದೇ ಸಾಲು: ‘ತಪಾಸಣೆ ಮಾಡಲಾಗಿದೆ. ದೋಷ ಕಂಡುಬಂದಿಲ್ಲ.’ ಇನ್ನೊಂದು ಬ್ಯಾಟರಿ ಹಾಕಿದರು, ಈ ಸಲ ಅರ್ಧ ದುಡ್ಡು. ಕಾರಿಗೆ ಮೂರು ವರ್ಷದ ವಾರಂಟಿಯಾದರೂ ಬ್ಯಾಟರಿಗೆ ಬೇರೆ ಲೆಕ್ಕವಂತೆ. ಮೂರನೆಯ ಸಲಕ್ಕೆ ಪೂರ್ತಿ ದುಡ್ಡು, 38,000 ರೂಪಾಯಿ. ಜಾಬ್ ಕಾರ್ಡಿನಲ್ಲಿ ಮತ್ತೆ ಅದೇ ಸಾಲು, ಅದರ ಕೆಳಗೆ ಒಂದು ಸಲಹೆ: ‘ಗ್ರಾಹಕರು ವಾಹನವನ್ನು ಹೆಚ್ಚು ಓಡಿಸಬೇಕು.’

ಈ ಸಾಲನ್ನು ಓದಿದಾಗ ನನಗೆ ಸಿಟ್ಟು ಬಂತು. ನಲವತ್ತು ವರ್ಷ ಪರೀಕ್ಷೆಯ ಪತ್ರಿಕೆ ತಿದ್ದಿದ ಮೇಷ್ಟ್ರು ನಾನು. ಪ್ರಶ್ನೆಗೆ ಉತ್ತರ ಬರೆಯದೆ, ಪ್ರಶ್ನೆ ಕೇಳಿದವನಿಗೇ ಬುದ್ಧಿ ಹೇಳುವ ಹುಡುಗನಿಗೆ ಎಷ್ಟು ಅಂಕ ಕೊಡಬೇಕೆಂದು ನನಗೆ ಗೊತ್ತು.

ಅವರ ಮಾತಿನಲ್ಲಿ ಸತ್ಯ ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಿಲ್ಲಿಸಿದ ಕಾರೂ ಸ್ವಲ್ಪ ಕರೆಂಟು ಕುಡಿಯುತ್ತದೆ. ಗಡಿಯಾರ ನಡೆಯಬೇಕು, ಕಳ್ಳರ ಗಂಟೆ ಎಚ್ಚರವಿರಬೇಕು, ಕೀಲಿ ಹತ್ತಿರ ಬಂದರೆ ಬಾಗಿಲಿಗೆ ತಿಳಿಯಬೇಕು. ತಿಂಗಳುಗಟ್ಟಲೆ ನಿಲ್ಲಿಸಿದರೆ ಯಾವ ಕಾರಿನ ಬ್ಯಾಟರಿಯೂ ಇಳಿಯುತ್ತದೆ. ಎರಡು ಕಿಲೋಮೀಟರು ಓಡಿಸಿ ನಿಲ್ಲಿಸುವವರ ಬ್ಯಾಟರಿಗೆ ಆಯುಷ್ಯ ಕಡಿಮೆ. ಇದೆಲ್ಲ ನಿಜ. ಆದರೆ ಎಷ್ಟು ದಿನಕ್ಕೆ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಲೆಕ್ಕವಿದೆಯಲ್ಲ? ಲೆಕ್ಕ ಕೇಳಿದರೆ ಸಲಹೆ ಕೊಡುವುದೇಕೆ?

ಲೆಕ್ಕ ನಾನೇ ಮಾಡಿದೆ. ಹೈಸ್ಕೂಲಿನ ಹುಡುಗ ಮಾಡಬಹುದಾದ ಲೆಕ್ಕ. ನಮ್ಮ ಕಾರಿನ ಬ್ಯಾಟರಿಯ ಮೇಲೆ ಬರೆದಿರುವುದು 70 ಆಂಪಿಯರ್-ಅವರ್. ಅಂದರೆ ಒಂದು ಆಂಪಿಯರಿನಂತೆ ಸೆಳೆದರೆ ಸುಮಾರು 70 ಗಂಟೆ ಬರಬೇಕು. ಆರೋಗ್ಯವಂತ ಕಾರು ಬೀಗ ಹಾಕಿ ಮಲಗಿದ ಮೇಲೆ ಸೆಳೆಯುವುದು 50 ಮಿಲಿ ಆಂಪಿಯರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಎಂಬುದು ಆ ಕಸುಬಿನವರೆಲ್ಲ ಒಪ್ಪುವ ಮಾತು. ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಬ್ಯಾಟರಿ ಅರ್ಧಕ್ಕಿಳಿಯಲು ಸುಮಾರು 29 ದಿನ ಬೇಕು. ನಮ್ಮ ತಮ್ಮ ಕಾರನ್ನು ಇಪ್ಪತ್ತೊಂಬತ್ತು ದಿನ ನಿಲ್ಲಿಸಿದ್ದು ಈ ಜನ್ಮದಲ್ಲಿಲ್ಲ. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಹೋಗಿ ಬರುವವನು, ಹೋಗಿ ಬಂದರೆ ನೂರೈವತ್ತು ಕಿಲೋಮೀಟರು. ಕಾರು ಸತ್ತದ್ದೆಲ್ಲ ಮೂರು ದಿನ ನಿಂತಾಗ. ಮೂರು ದಿನದಲ್ಲಿ ಎಪ್ಪತ್ತು ಖಾಲಿಯಾಗಬೇಕಾದರೆ ಗಂಟೆಗೆ ಒಂದು ಆಂಪಿಯರಿನಷ್ಟು ಯಾರೋ ಕುಡಿಯುತ್ತಿರಬೇಕು. ಇಪ್ಪತ್ತು ಪಟ್ಟು ಹೆಚ್ಚು. ಇದು ಕಡಿಮೆ ಓಡಿಸಿದ್ದರ ಫಲವಲ್ಲ, ಕಳ್ಳತನ.

ಕಳ್ಳನನ್ನು ಹಿಡಿದವರು ನಮ್ಮೂರ ಪೇಟೆಯ ಬ್ಯಾಟರಿ ಸಾಬರು. ಅರವತ್ತು ದಾಟಿದವರು. ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಮಳಿಗೆ. ಲಾರಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರು ಹುಯ್ಯುತ್ತ, ಚಾರ್ಜಿಗಿಡುತ್ತ ಬದುಕು ಸವೆಸಿದವರು. ನಾಲ್ಕನೆಯ ಸಲ ಕಾರು ಸತ್ತಾಗ, 2024ರ ಬೇಸಿಗೆ, ನಾನು ಅವರ ಬಳಿ ಹೋಗಿ ಮೂರು ಜಾಬ್ ಕಾರ್ಡನ್ನೂ ತೋರಿಸಿದೆ. ಓದಿ ನಕ್ಕರು.

‘ಮೇಷ್ಟ್ರೇ, ಇವರು ಸತ್ತವನನ್ನೇ ಕೊಲೆಗಾರ ಅಂತ ಹಿಡಿದಿದಾರೆ. ಬ್ಯಾಟರಿ ಏನು ಮಾಡ್ತದೆ ಪಾಪ? ಪೂರ್ತಿ ಖಾಲಿ ಆಗಿ ಆಗಿ ಪ್ಲೇಟಿನ ಮೇಲೆ ಬಿಳೀದು ಕಟ್ತದೆ, ಆಮೇಲೆ ಚಾರ್ಜು ಹಿಡಿಯಲ್ಲ. ಖಾಲಿ ಮಾಡಿದ್ದು ಯಾರು ಅಂತ ನೋಡಿಲ್ಲ ಇವರು.’

ಅವರು ಹೇಳಿದ ಬಿಳಿಯದು ಸೀಸದ ಸಲ್ಫೇಟು. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಅಂದಿನಿಂದ ಇಂದಿನವರೆಗೆ ಅದರ ಒಳಗಿನ ರಸಾಯನ ಬದಲಾಗಿಲ್ಲ. ಕರೆಂಟು ಕೊಡುವಾಗ ಪ್ಲೇಟಿನ ಮೇಲೆ ಸಲ್ಫೇಟು ಕೂರುತ್ತದೆ, ಚಾರ್ಜು ಮಾಡುವಾಗ ಕರಗುತ್ತದೆ. ಖಾಲಿಯಾಗಿ ಬಹಳ ಹೊತ್ತು ಬಿದ್ದಿದ್ದರೆ ಹರಳುಗಟ್ಟಿ ಉಳಿದುಬಿಡುತ್ತದೆ. ಆರು ಕೋಣೆ, ಕೋಣೆಗೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ತುಂಬಿದ ಬ್ಯಾಟರಿ ಸುಮಾರು 12.7 ವೋಲ್ಟು ತೋರಿಸಬೇಕು, ಹನ್ನೆರಡಕ್ಕಿಂತ ಕೆಳಗಿಳಿದರೆ ಬಹುಪಾಲು ಖಾಲಿ. ನೂರಾರವತ್ತು ವರ್ಷದ ಹಳೆಯ ವಿದ್ಯೆ ಇದು. ನಾಲ್ಕು ದಿನ ಕಾರು ಇಟ್ಟುಕೊಂಡವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬಲಾರೆ.

ಸಾಬರು ಒಂದು ಸಂಜೆ ಮನೆಗೇ ಬಂದರು. ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲ ತೆರೆದಿಟ್ಟು, ಅವುಗಳ ಕೊಂಡಿಗಳನ್ನು ಮಾತ್ರ ಸ್ಕ್ರೂಡ್ರೈವರಿನಿಂದ ಒತ್ತಿ ಬೀಗ ಹಾಕಿದಂತೆ ಮಾಡಿದರು, ಎಲ್ಲವೂ ಮುಚ್ಚಿದೆಯೆಂದು ಕಾರಿಗೆ ಭ್ರಮೆ ಹುಟ್ಟಲಿ ಎಂದು. ಕೀಲಿಯನ್ನು ದೂರ ದೇವರ ಮನೆಯಲ್ಲಿಡಿಸಿದರು. ಬ್ಯಾಟರಿಯ ತಂತಿಗೆ ಇಕ್ಕುಳದಂಥ ಮೀಟರು ತೊಡಿಸಿ, ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ‘ಮಲಗೋಕೆ ಟೈಮು ಕೊಡಬೇಕು ಮೇಷ್ಟ್ರೇ. ಇದರೊಳಗೆ ಹತ್ತಾರು ಚಿಕ್ಕ ಕಂಪ್ಯೂಟರು ಇರ್ತವೆ. ಒಂದೊಂದೇ ಮಲಗ್ತವೆ. ಅರ್ಧ ಗಂಟೆ ಮೇಲೆ ಬೇಕು.’ ಮುಕ್ಕಾಲು ಗಂಟೆಯಾಯಿತು, ಒಂದು ಗಂಟೆಯಾಯಿತು. ಮೀಟರು 0.9 ಆಂಪಿಯರಿನಿಂದ ಕೆಳಗಿಳಿಯಲಿಲ್ಲ. ‘ಇದಕ್ಕೆ ನಿದ್ದೆ ಬರ್ತಿಲ್ಲ’ ಅಂದರು ಸಾಬರು.

ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಎಳೆದು ನೋಡಿದರು. ರೇಡಿಯೋದ್ದು ಎಳೆದರು, ಇಳಿಯಲಿಲ್ಲ. ಸೀಟಿನದು ಎಳೆದರು, ಇಳಿಯಲಿಲ್ಲ. ಹನ್ನೊಂದನೆಯದೋ ಹನ್ನೆರಡನೆಯದೋ ಎಳೆದು ಸ್ವಲ್ಪ ಹೊತ್ತು ಕಾದಾಗ ಮೀಟರು ಮೆಟ್ಟಿಲಿಳಿದಂತೆ ಇಳಿದು 0.03ಕ್ಕೆ ಬಂತು. ಪುಸ್ತಕದಲ್ಲಿ ನೋಡಿದೆವು. ಅದು ಕಾರಿನೊಳಗಿನ ಮೊಬೈಲ್ ಪೆಟ್ಟಿಗೆಯದು. ಈಗಿನ ಕಾರುಗಳಲ್ಲಿ ಒಂದು ಸಿಮ್ಮು ಇರುತ್ತದೆ. ಕಾರು ಎಲ್ಲಿದೆ, ಬಾಗಿಲು ಹಾಕಿದೆಯೇ ಎಂದು ಯಜಮಾನನ ಫೋನಿಗೂ ಕಂಪನಿಗೂ ಸುದ್ದಿ ಕಳಿಸುತ್ತದೆ. ನಮ್ಮ ಶೆಡ್ಡಿನಲ್ಲಿ ಮನುಷ್ಯರಿಗೇ ಸಿಗ್ನಲ್ ಸಿಗುವುದಿಲ್ಲ, ಕಾರಿಗೆಲ್ಲಿಂದ ಸಿಗಬೇಕು? ಆ ಪೆಟ್ಟಿಗೆ ರಾತ್ರಿಯಿಡೀ ಟವರು ಹುಡುಕುತ್ತ ಕೂತಿರುತ್ತದೆ. ಅದು ಎಚ್ಚರವಿರುವ ತನಕ ಅದರ ಜೊತೆ ಒಂದೇ ತಂತಿಯಲ್ಲಿ ಮಾತಾಡುವ ಉಳಿದ ಕಂಪ್ಯೂಟರುಗಳೂ ಮಲಗುವುದಿಲ್ಲ. ಅಳುವ ಮಗು ಒಂದಿದ್ದರೆ ಮನೆಮಂದಿಯೆಲ್ಲ ಎದ್ದಿರುವಂತೆ. ಒಮ್ಮೊಮ್ಮೆ ಗಾಳಿ ಮಳೆ ಇಲ್ಲದ ದಿನ ಗುಡ್ಡದಾಚೆಯಿಂದ ಒಂದು ಕಡ್ಡಿ ಸಿಗ್ನಲ್ ಸಿಕ್ಕಿದರೆ ಮಲಗುತ್ತದೆ. ಪುನರ್ವಸು ಮಳೆಯಲ್ಲಿ ಮಲಗುವುದಿಲ್ಲ.

ಮಂಗಳೂರಿನಲ್ಲಿ ದೋಷ ಕಾಣದಿದ್ದುದಕ್ಕೂ ಇದೇ ಉತ್ತರ. ಅಲ್ಲಿ ವರ್ಕ್‌ಶಾಪಿನ ನೆತ್ತಿಯ ಮೇಲೇ ಟವರು. ಅಲ್ಲಿ ಕಾರು ಹಾಯಾಗಿ ಮಲಗುತ್ತಿತ್ತು. ಅಂದಮೇಲೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದದ್ದು ಸುಳ್ಳಲ್ಲ. ಆದರೆ ಕಂಡುಬಂದಿಲ್ಲ ಎಂಬುದು ಒಂದು ಮಾತು, ಇಲ್ಲ ಎಂಬುದು ಇನ್ನೊಂದು ಮಾತು. ಮೊದಲನೆಯದನ್ನು ಬರೆದು ಎರಡನೆಯದನ್ನು ಬಾಯಲ್ಲಿ ಹೇಳಿ, ತಪ್ಪನ್ನು ಗ್ರಾಹಕನ ತಲೆಗೆ ಕಟ್ಟಿದ್ದು ಇದೆಯಲ್ಲ, ಅದು ಅನ್ಯಾಯ. ಮಂಗಳೂರಿನಲ್ಲಿ ರೋಗಿ ಚೆನ್ನಾಗಿದ್ದಾನೆ, ಮನೆಯಲ್ಲಿ ಸಾಯುತ್ತಾನೆ ಎಂದ ಮೇಲೆ ಮನೆಗೆ ಬಂದು ನೋಡಬೇಡವೆ? ನಾವು ಮೂರು ಸಲವೂ ಕೇಳಿದ್ದೆವು. ‘ಅಂಥ ವ್ಯವಸ್ಥೆ ಇಲ್ಲ ಸರ್’ ಎಂದಿದ್ದರು. ಮಾರುವಾಗ ಕಾರನ್ನು ಮನೆಯ ಅಂಗಳಕ್ಕೇ ತಂದು ರಿಬ್ಬನ್ನು ಕಟ್ಟಿ ಫೋಟೋ ತೆಗೆಸಿಕೊಳ್ಳುವ ವ್ಯವಸ್ಥೆ ಇತ್ತು.

ಸಾಬರು ಕಂಡದ್ದನ್ನು ಬರೆದು ಕಳಿಸಿದೆವು. ಬಂದ ಉತ್ತರ ಇದು: ಹೊರಗಿನವರು ವಿದ್ಯುತ್ ವ್ಯವಸ್ಥೆಯನ್ನು ಮುಟ್ಟಿರುವುದರಿಂದ ವಾರಂಟಿಗೆ ಬಾಧೆ ಬರಬಹುದು. ನೋಡಿ, ಮೂವತ್ತೆಂಟು ಸಾವಿರ ತೆಗೆದುಕೊಂಡು ನೋಡದವರಿಗೆ ಹಕ್ಕಿದೆ. ಮುನ್ನೂರು ರೂಪಾಯಿ ತೆಗೆದುಕೊಂಡು ನೋಡಿದವರು ಹೊರಗಿನವರು. ಈ ‘ಹೊರಗಿನವರು’ ಎಂಬ ಮಾತಿನಲ್ಲಿ ಒಂದು ವ್ಯಾಪಾರ ಅಡಗಿದೆ. ಯಂತ್ರವನ್ನು ಕೊಂಡವನಿಗೆ ಅದನ್ನು ರಿಪೇರಿ ಮಾಡಿಸುವ ಹಕ್ಕು ಇರಬೇಕೆಂದು ಲೋಕದ ಎಲ್ಲೆಡೆ ಕೂಗೆದ್ದಿದೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಇದಕ್ಕೊಂದು ಸಮಿತಿ ಮಾಡಿತು, ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಸಾಬರ ಮಳಿಗೆಯ ತನಕ ಇನ್ನೂ ದಾರಿಯಿದೆ.

ಕಾನೂನು ಏನು ಹೇಳುತ್ತದೆ ಎಂದು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಹಳೆಯ 1986ರ ಕಾಯ್ದೆಗಿಂತ ಇದು ನಮ್ಮಂಥವರಿಗೆ ಒಳ್ಳೆಯದು. ಮಾರಿದವನ ಊರಿಗೆ ಅಲೆಯಬೇಕಿಲ್ಲ, ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ; ಇಪ್ಪತ್ತರಿಂದ ಐವತ್ತು ಲಕ್ಷದವರೆಗಿನ ದೂರಿಗೆ ಶುಲ್ಕ 1,000 ರೂಪಾಯಿ. ಐದು ಲಕ್ಷದೊಳಗಿನದಕ್ಕೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಸರಕಿನ ದೋಷ ಬರಿಗಣ್ಣಿಗೆ ತಿಳಿಯದಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಸೇವಾ ನ್ಯೂನತೆ’ಯ ಅರ್ಥವಿವರಣೆ: ಗ್ರಾಹಕನಿಗೆ ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ತಡೆಹಿಡಿಯುವುದೂ ನ್ಯೂನತೆಯೇ ಎಂದು ಕಾಯ್ದೆಯಲ್ಲಿ ಬರೆದಿದೆ.

ಆದರೆ ಕಾಯ್ದೆಯಲ್ಲಿ ಇಲ್ಲದ ಒಂದು ಇದೆ. ಎಷ್ಟು ಸಲ ಕೆಟ್ಟರೆ ಸಾಕು? ಪದೇ ಪದೇ ಕೆಡುವ ಹೊಸ ಕಾರಿಗೆ ಅಮೆರಿಕದವರು ‘ನಿಂಬೆಹಣ್ಣು’ ಎನ್ನುತ್ತಾರೆ. ನಾವು ಗಾಲಿಯ ಕೆಳಗಿಡುವುದನ್ನು ಅವರು ಕಾರಿಗೇ ಹೆಸರಾಗಿಟ್ಟಿದ್ದಾರೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ನಿಂಬೆಹಣ್ಣಿನ ಕಾನೂನು ಮಾಡಿತು, ಆಮೇಲೆ ಉಳಿದ ರಾಜ್ಯಗಳೂ ಮಾಡಿದವು. ಕ್ಯಾಲಿಫೋರ್ನಿಯದಲ್ಲಿ ಮೊದಲ ಹದಿನೆಂಟು ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ, ಅಥವಾ ಒಟ್ಟು ಮೂವತ್ತು ದಿನಕ್ಕಿಂತ ಹೆಚ್ಚು ಕಾರು ರಿಪೇರಿಯಲ್ಲೇ ಕಳೆದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತೆಂದೇ ಕಾನೂನು ತಿಳಿಯುತ್ತದೆ. ಕಾರು ವಾಪಸು, ಇಲ್ಲವೇ ದುಡ್ಡು ವಾಪಸು. ನಮ್ಮಲ್ಲಿ ಅಂಥ ಗೆರೆ ಇಲ್ಲ. ಇಲ್ಲಿ ತಯಾರಿಯ ದೋಷವೆಂದು ವಾದಿಸಿದರೆ ತಜ್ಞರ ಸಾಕ್ಷ್ಯ ತರುವ ಹೊರೆ ಸಾಮಾನ್ಯವಾಗಿ ಕೊಂಡವನ ಹೆಗಲಿಗೇ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಕಾರುಗಳನ್ನು ಹಿಂದಕ್ಕೆ ಕರೆಸುವ ಕಲಮು ಬಂದಿದೆ. ಅದು ಪರಿಸರಕ್ಕೆ, ಚಾಲಕನಿಗೆ, ರಸ್ತೆಯಲ್ಲಿರುವವರಿಗೆ ಅಪಾಯ ತರುವ ದೋಷಕ್ಕೆ. ಹೊರಡಲೇ ಆಗದ ಕಾರಿನಿಂದ ರಸ್ತೆಯವರಿಗೆ ಏನು ಅಪಾಯ? ಶೆಡ್ಡಿನ ಹಿಂದೆ ಉಸಿರು ಕಟ್ಟಿ ಕೂತ ಮುದುಕಿ ಆ ಕಲಮಿನಲ್ಲಿ ಬರುವುದಿಲ್ಲ.

ಈಗ ಆರಂಭದ ಗೆಳೆಯರಿಗೆ ಉತ್ತರ. ಶ್ರೀಮಂತರ ಕಾರಿಗೆ ಇಂದು ಬಂದದ್ದು ಬಡವರ ಗಾಡಿಗೆ ನಾಳೆ ಬರುತ್ತದೆ. ಕರೆಂಟಿನಿಂದ ಸ್ಟಾರ್ಟ್ ಮಾಡುವುದನ್ನು 1912ರಲ್ಲಿ ಒಂದು ದುಬಾರಿ ಅಮೆರಿಕನ್ ಕಾರಿಗೆ ಮೊದಲು ಹಾಕಿದರು. ಆಗ ಅದು ಭೋಗ, ಇಂದು ಎಲ್ಲರ ಸ್ಕೂಟರಿನಲ್ಲಿದೆ. ಸಿಮ್ಮು ಈಗ ಹತ್ತು ಹನ್ನೆರಡು ಲಕ್ಷದ ಕಾರಿನಲ್ಲೂ ಇದೆ, ಕರೆಂಟಿನ ಸ್ಕೂಟರಿನಲ್ಲೂ ಇದೆ. ದೊಡ್ಡ ಬ್ಯಾಟರಿಯಿಂದ ಓಡುವ ಕರೆಂಟು ಕಾರಿನೊಳಗೂ ಸಾಮಾನ್ಯವಾಗಿ ಈ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ; ಚಿಕ್ಕದು ಸತ್ತರೆ ದೊಡ್ಡದು ತುಂಬಿದ್ದೂ ಎಚ್ಚರವಾಗುವುದಿಲ್ಲ. ನಾಳೆ ನಮ್ಮೂರ ಪಿಕಪ್ಪಿಗೂ ನಿದ್ದೆ ಬಾರದಿದ್ದರೆ, ಅದರ ಯಜಮಾನನಿಗೆ ವಕೀಲರ ಹತ್ತಿರ ಹೋಗುವ ತಾಕತ್ತಿರುವುದಿಲ್ಲ. ನನ್ನ ತಮ್ಮನಿಗೆ ಇತ್ತು. ಇದ್ದವನೂ ಸುಮ್ಮನಿದ್ದರೆ ಇಲ್ಲದವನು ಏನು ಮಾಡಬೇಕು?

ಇನ್ನೊಂದು ಮಾತು. ‘ಇದು ಬಹಳ ಸೂಕ್ಷ್ಮ ತಂತ್ರಜ್ಞಾನ ಸರ್, ನಿಮಗೆ ಅರ್ಥ ಆಗಲ್ಲ’ ಎಂದು ಕೌಂಟರಿನ ಹುಡುಗ ಒಮ್ಮೆ ಹೇಳಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಯಲ್ಲಿ ಏನೂ ಇಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅವನಿಗೆ ಆ ಮಾತು ಕಲಿಸಿದವರಿಗೆ ಹೇಳುತ್ತೇನೆ: ಸೂಕ್ಷ್ಮ ಮಾಡಿದವರು ನೀವು. ಹ್ಯಾಂಡ್‌ಬ್ರೇಕಿಗೆ ಕರೆಂಟು ಬೇಕೆಂದು ನಾವು ಕೇಳಿರಲಿಲ್ಲ. ಕಾರು ರಾತ್ರಿಯೆಲ್ಲ ಟವರಿಗೆ ಸುದ್ದಿ ಕಳಿಸಲಿ ಎಂದೂ ಕೇಳಿರಲಿಲ್ಲ. ಟವರಿಲ್ಲದ ಊರು ಈ ದೇಶದಲ್ಲಿ ಇದೆಯೆಂದು ಗೊತ್ತಿಲ್ಲದವರು ಈ ದೇಶದಲ್ಲಿ ಕಾರು ಮಾರಬಾರದು.

ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ಶಿವಮೊಗ್ಗದ ವಕೀಲರೊಬ್ಬರಿಂದ ನೋಟಿಸು ಕಳಿಸಿದೆವು. ಒಂದೂವರೆ ವರ್ಷ ‘ವ್ಯವಸ್ಥೆ ಇಲ್ಲ’ ಎಂದವರು ಮೂರು ವಾರದಲ್ಲಿ ವ್ಯವಸ್ಥೆ ಮಾಡಿದರು. ಒಬ್ಬ ಇಂಜಿನಿಯರು ಲ್ಯಾಪ್‌ಟಾಪು ಹಿಡಿದು ಬಂದು ಒಂದು ರಾತ್ರಿ ನಮ್ಮ ಮನೆಯಲ್ಲೇ ಉಳಿದ. ಒಳ್ಳೆಯ ಹುಡುಗ. ರಾತ್ರಿ ಹನ್ನೆರಡಕ್ಕೂ ಎರಡಕ್ಕೂ ಎದ್ದು ಹೋಗಿ ನೋಡಿ ಬಂದ. ಬೆಳಿಗ್ಗೆ ದೋಸೆ ತಿನ್ನುತ್ತ, ‘ನಿಮ್ಮ ಸಾಬರು ಹೇಳಿದ್ದು ಸರಿ ಸರ್’ ಎಂದ. ಆ ಪೆಟ್ಟಿಗೆಯ ತಂತ್ರಾಂಶ ಬದಲಾಯಿಸಿದ. ಸಿಗ್ನಲ್ ಸಿಗದಿದ್ದರೆ ಹುಡುಕುವುದನ್ನು ಬಿಟ್ಟು ಮಲಗುವ ಹಾಗೆ. ಅಂದಿನಿಂದ ಕಾರು ಸತ್ತಿಲ್ಲ. 38,000 ರೂಪಾಯಿಯನ್ನೂ ‘ಸೌಹಾರ್ದಕ್ಕಾಗಿ’ ಎಂದು ಹಿಂದಿರುಗಿಸಿದರು.

ಆದರೆ ಜಾಬ್ ಕಾರ್ಡಿನಲ್ಲಿ ಬರೆದು ಕೊಟ್ಟದ್ದು ಇದು: ‘ಗ್ರಾಹಕರ ತೃಪ್ತಿಗಾಗಿ ತಂತ್ರಾಂಶ ನವೀಕರಿಸಲಾಗಿದೆ. ದೋಷ ಕಂಡುಬಂದಿಲ್ಲ.’

ಬಾಯಲ್ಲಿ ‘ಸಾಬರು ಹೇಳಿದ್ದು ಸರಿ’ ಎಂದದ್ದು ಕಾಗದದ ಮೇಲೆ ಏಕೆ ಬರಲಿಲ್ಲ? ಬಂದರೆ ಅದು ದಾಖಲೆಯಾಗುತ್ತದೆ. ಇಂಥದೇ ಕಾರನ್ನು ಕೊಡಗಿನ ಕಾಫಿ ತೋಟದಲ್ಲೋ ಶಿರಸಿಯ ಕಾಡಿನಂಚಿನಲ್ಲೋ ಇಟ್ಟುಕೊಂಡ ಇನ್ನೊಬ್ಬ, ಅದನ್ನು ತೋರಿಸಿ ನನಗೂ ಹೀಗೆ ಮಾಡಿಕೊಡಿ ಎಂದು ಕೇಳುತ್ತಾನೆ. ಬರೆಯದಿದ್ದರೆ ಪ್ರತಿಯೊಬ್ಬನೂ ಒಂಟಿ. ಪ್ರತಿಯೊಬ್ಬನೂ ‘ಹೆಚ್ಚು ಓಡಿಸಬೇಕು’ ಎಂಬ ಬುದ್ಧಿವಾದ ಕೇಳಿಸಿಕೊಂಡು, ತಪ್ಪು ತನ್ನದೇ ಇರಬೇಕೆಂದು ದುಡ್ಡು ಕೊಟ್ಟು ಬರುತ್ತಾನೆ. ದೋಷವನ್ನು ಒಪ್ಪದೆ ದೋಷವನ್ನು ಸರಿಪಡಿಸುವುದು ಉಪಕಾರವಲ್ಲ, ಬಾಯಿ ಮುಚ್ಚಿಸುವ ಕ್ರಮ.

ದುಡ್ಡು ಬಂತಲ್ಲ, ಕಾರು ಸರಿಯಾಯಿತಲ್ಲ, ಇನ್ನೇಕೆ ಅಣ್ಣ ಎನ್ನುತ್ತಾನೆ ತಮ್ಮ. ಅವನ ಮಾತು ಅವನಿಗೆ ಸರಿ, ತೋಟದ ಕೆಲಸ ಬಿಟ್ಟು ಕೋರ್ಟು ಕಚೇರಿ ಅಲೆಯುವವರು ಯಾರು? ನಾನು ಅವನನ್ನು ಒತ್ತಾಯಿಸಲಿಲ್ಲ. ನನಗೆ ತಿಳಿದ ಕೆಲಸ ಬರೆಯುವುದು, ಬರೆದಿದ್ದೇನೆ. ಓದಿದವರಲ್ಲಿ ಹೊಸ ಗಾಡಿ ಕೊಳ್ಳುವವರಿದ್ದರೆ ಒಂದು ಮಾತು. ಸರ್ವೀಸಿನವರು ಏನೇ ಹೇಳಲಿ, ನಿಮ್ಮ ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ; ಎಷ್ಟು ದಿನ ನಿಂತಿತ್ತು, ಎಷ್ಟು ವೋಲ್ಟು ಇತ್ತು, ಮಲಗಿದಾಗ ಎಷ್ಟು ಆಂಪಿಯರು ಸೆಳೆಯುತ್ತದೆ ಎಂದು ಅಳೆದು ಬರೆದುಕೊಡಿ ಎಂದು ಕೇಳಿ. ಬರೆಯದಿದ್ದರೆ ಸಹಿ ಮಾಡಬೇಡಿ. ಪ್ರತಿ ಸಲದ ಕಾಗದವನ್ನೂ ಇಟ್ಟುಕೊಳ್ಳಿ. ನಮ್ಮನ್ನು ಕಾಪಾಡಿದ್ದು ಆ ಮೂರು ಜಾಬ್ ಕಾರ್ಡು ಮತ್ತು ಸಾಬರ ಮೀಟರು.

ಕಾರು ಈಗಲೂ ಶೆಡ್ಡಿನಲ್ಲಿದೆ. ಆದರೆ ತಮ್ಮ ಈಗ ಅದನ್ನು ಜೀಪಿನ ಹಿಂದೆ ನಿಲ್ಲಿಸುತ್ತಾನೆ.